ಎಂಥ ಹಳದಿ?

ನಮ್ಮ ಭಾವನಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯದು. ಹುಟ್ಟಿನಿಂದಲೂ ಹಾಗೇ. ಅಂಥವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ಮರ್ಯಾದೆಯಿಂದ ಬೇರೆ ಕಸುಬು ಹಿಡಿದು ಬದುಕಿಕೊಂಡಿದ್ದಾರೆ. ಭಾವ ಮಾತ್ರ ಹುಡುಕಿ ಹುಡುಕಿ, ಹಳೆಯ ರೇಡಿಯೋ, ಆಂಪ್ಲಿಫೈಯರ್, ಟೇಪ್ ರೆಕಾರ್ಡರ್‌ಗಳಲ್ಲಿ ಸುಟ್ಟುಹೋದ ಬಣ್ಣದ ದೀಪ ಬದಲಾಯಿಸುವ ಕಸುಬನ್ನೇ ಹಿಡಿದರು.

ಅವರು ಕೆಲಸಕ್ಕೆ ಕೂತರೆ ರಣರಂಗಕ್ಕೆ ಇಳಿದ ಹಾಗೆ. ಕಣ್ಣಿಗೆ ಭೂತಗನ್ನಡಿ, ಬಲಗೈಯಲ್ಲಿ ಹೊಗೆಯಾಡುವ ಸಾಲ್ಡರಿಂಗ್ ಐರನ್, ಎಡಗೈಯಲ್ಲಿ ಚಿಮಟ. ಎದುರಾಳಿ, ಗೋಧಿಕಾಳಿನಷ್ಟು ದಪ್ಪದ ಒಂದು ಬಲ್ಬು. ಸತ್ತ ವೀರನನ್ನು ಹೊರಗೆಳೆದು, ಹೊಸಬನ ಕೂದಲೆಳೆಯಂಥ ಎರಡು ಕಾಲು ಬೆಸೆದು ನಿಲ್ಲಿಸುವಷ್ಟರಲ್ಲಿ ಭಾವನ ಬೋಳುನೆತ್ತಿ ಬೆವರಿ ಹೊಳೆಯುತ್ತಿತ್ತು. ಇಷ್ಟಾದರೂ ಅರ್ಧ ಯುದ್ಧವೇ. ಹೊಸ ಬಲ್ಬಿನದು ಬರೀ ಬಿಳಿ ಬೆಳಕು. ಅದಕ್ಕೆ ಬಣ್ಣದ ವಾರ್ನಿಷ್ ಬಳಿದು ಹಳೆಯ ಬಣ್ಣವನ್ನೇ ಬರಿಸಬೇಕು. ಅಲ್ಲಿ ಭಾವನ ಸೈನ್ಯ ಕೈಚೆಲ್ಲುತ್ತಿತ್ತು.

ಅದಕ್ಕೇ ಇದ್ದಳು ನಮ್ಮಕ್ಕ. ಮೂವತ್ತೆರಡು ವರ್ಷ, ಅಂಗಡಿಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ತೀರ್ಪು ಕೊಟ್ಟವಳು.

"ಇದು ಹಳದಿ ಅಲ್ಲ ರೀ, ಕಾಮಾಲೆ."

"ಇದು ಆಸ್ಪತ್ರೆ ಬೆಳಕು. ಹಾಡು ಕೇಳೋಕೆ ಬಂದೋರು ಇಂಜೆಕ್ಷನ್‌ಗೆ ತೋಳು ಮಡಚ್ತಾರೆ."

"ಹಾಂ, ಈಗ ಬಂತು. ಬೆಣ್ಣೆ ಕಾಯಿಸುವಾಗ ಇಳಿಸ್ಬೇಕಲ್ಲ, ಆ ಬಣ್ಣ."

ಆಮೇಲೆ ಗತ್ತಿನಿಂದ, "ನಾನಿಲ್ದಿದ್ರೆ ಏನ್ ಮಾಡ್ತಿದ್ರಿ?"

"ಗಿರಾಕಿಗಳೆಲ್ಲ ನನ್ನಂಥೋರೇ ಬರಲಿ ಅಂತ ಕಾಯ್ತಿದ್ದೆ."

ಮೂರು ವರ್ಷದ ಹಿಂದೆ ಅಕ್ಕ, ತನಗೆ ಹಲ್ಲುನೋವು ಎಂದು ಗಂಡನ ಹತ್ತಿರ ಹೇಳಿ, ನನ್ನನ್ನು ಜೊತೆಗೆ ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದು ಎಷ್ಟು ದಿನವೋ ಎಂದರು ಅವರು. ಮೆಟ್ಟಿಲಿಳಿಯುವಾಗ ಅಕ್ಕ ನನ್ನ ತೋಳು ಹಿಡಿದಳು.

"ನಿಮ್ಮ ಭಾವನ ಹತ್ರ ಬಾಯಿ ಬಿಟ್ಯೋ, ನಿನಗೆ ನಿಜವಾಗ್ಲೂ ಹಲ್ಲುನೋವು ಬರಿಸ್ತೀನಿ."

"ಎಷ್ಟು ದಿನ ಅಂತ ಮುಚ್ಚಿಡ್ತೀಯಕ್ಕಾ?"

"ಆ ಸ್ಟೂಲು ಬಿಟ್ರೆ ನಾನು ಯಾರಿಗೆ ಬೇಕೋ? ಮನೇಲಿ ಗೋಡೆ ತಡವ್ಕೊಂಡು ಕೂತಿರ್ಲಾ?"

ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಒಬ್ಬ ಮೇಷ್ಟ್ರು, ರಿಪೇರಿಯಾಗಿ ಹೋಗಿದ್ದ ರೇಡಿಯೋ ಹೊತ್ತು ವಾಪಸು ಬಂದರು. ಅಕ್ಕ ಊಟಕ್ಕೆ ಮನೆಗೆ ಹೋಗಿದ್ದಳು.

"ಏನಯ್ಯಾ, ಸ್ಟೇಷನ್ ಸಿಕ್ಕಿದ್ರೆ ಕೆಂಪು ದೀಪ ಹತ್ತಬೇಕು. ನೀನು ಹಸಿರು ಕೂರಿಸಿದ್ದೀಯ. ನನ್ನ ಹೆಂಡತಿ ರೈಲು ಹೊರಡ್ತು ಅಂತ ನಗ್ತಾಳೆ."

ಭಾವ ನಗಲಿಲ್ಲ. ಮೂವತ್ತೆರಡು ವರ್ಷದಲ್ಲಿ ಅಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಮರುದಿನ ನಾನು ಅಂಗಡಿಯಲ್ಲೇ ಇದ್ದೆ. ಭಾವ ಒಂದು ಆಂಪ್ಲಿಫೈಯರಿನ ಪ್ಲಗ್ಗನ್ನು ಸದ್ದಾಗದಂತೆ ಕಿತ್ತರು. ಆಮೇಲೆ ಟಕ್ ಎಂದು ಸ್ವಿಚ್ ಒತ್ತಿದರು. ದೀಪ ಹತ್ತುವ ಮಾತೇ ಇರಲಿಲ್ಲ.

"ಹೇಗಿದೆ ನೋಡೇ."

ಅಕ್ಕ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ನ್ಯಾಯಾಧೀಶರ ಹಾಗೆ ಒಂದು ನಿಮಿಷ ಯೋಚಿಸಿದಳು.

"ಸ್ವಲ್ಪ ಗಾಢ ಆಯ್ತು. ಒಂದು ಪದರ ಒರೆಸಿ."

ಭಾವ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಅಷ್ಟು ಸಾಕಾಯಿತು. ಬಟ್ಟೆಗೆ ಥಿನ್ನರ್ ಹಚ್ಚಿ, ವಾಸನೆ ಅಕ್ಕನ ಮೂಗಿಗೆ ಮುಟ್ಟಲೆಂದು ತುಸು ಜಾಸ್ತಿಯೇ ಹಚ್ಚಿ, ಆರಿದ ಬಲ್ಬನ್ನು ಒರೆಸಿದರು. ಒರೆಸಿದ ಭರಕ್ಕೆ ಬಲ್ಬಿನ ಒಂದು ಕಾಲು ಮುರಿಯಿತು.

"ಈಗ?"

"ಈಗ ಸರಿ ಹೋಯ್ತು."

ಅಲ್ಲಿಂದ ಅಂಗಡಿಯಲ್ಲಿ ಹೊಸ ರಾಜತಂತ್ರ ಶುರುವಾಯಿತು. ಓಣಿಯ ಆಚೆ ಬದಿ, ನಾಲ್ಕೇ ಹೆಜ್ಜೆಯಲ್ಲಿ, ದರ್ಜಿಯ ಅಂಗಡಿ. ಬಟ್ಟೆಗೆ ದಾರ ಹೊಂದಿಸಿ ಹೊಂದಿಸಿ ಬಣ್ಣ ಅರೆದು ಕುಡಿದ ಆಸಾಮಿ. ಭಾವ ಅಕ್ಕನನ್ನು ಕೇಳುವುದು, ಅಕ್ಕ ಅಂದಾಜಿಗೆ ತೀರ್ಪು ಕೊಡುವುದು, ಅವಳ ತಲೆಯ ಮೇಲಿಂದ ದರ್ಜಿ ಹೌದು, ಅಲ್ಲ ಎಂದು ಕತ್ತು ಆಡಿಸುವುದು. ಏಳು ತಿಂಗಳು ಹೀಗೆ ನಡೆಯಿತು. ಹೆಂಡತಿ ಕಾಣದ್ದನ್ನು ಕಂಡಂತೆ, ಗಂಡ ಗೊತ್ತಿದ್ದದ್ದು ಗೊತ್ತಿಲ್ಲದಂತೆ. ನಾನು ಇಬ್ಬರ ಗುಟ್ಟನ್ನೂ ನುಂಗಿ ಹೊಟ್ಟೆ ಬೆಳೆಸಿಕೊಂಡೆ. ಒಂದೇ ಒಂದು ಬಲ್ಬಿನ ಬಣ್ಣವೂ ತಪ್ಪಲಿಲ್ಲ.

ಒಂದು ಮಧ್ಯಾಹ್ನ ಟೇಪ್ ರೆಕಾರ್ಡರಿನ ಸರದಿ. ಸ್ವಿಚ್ಚು ಟಕ್ ಎಂದಿತು. "ಹೇಗಿದೆ?" ಎಂದರು ಭಾವ.

ಅಕ್ಕ ತೀರ್ಪು ಕೊಡಲಿಲ್ಲ.

"ರೀ, ನೀವು ನನ್ನ ಕೇಳಿದಾಗೆಲ್ಲ ಎದುರಿನ ಹೊಲಿಗೆ ಮಿಷನ್ನು ಯಾಕೆ ನಿಲ್ಲುತ್ತೆ?"

"ದಾರ ತುಂಡಾಗುತ್ತೇನೋ."

"ಏಳು ತಿಂಗಳಿಂದ, ಸರಿಯಾಗಿ ನೀವು ಬಾಯಿ ತೆರೆದಾಗ್ಲೇ?" ಅಕ್ಕ ಓಣಿಯ ಕಡೆ ಮುಖ ತಿರುಗಿಸಿದಳು. "ದರ್ಜಿಯಣ್ಣಾ, ಕತ್ತು ಉಳುಕೀತು. ಬಾಯಲ್ಲೇ ಹೇಳಿ. ಯಾವ ಬಣ್ಣ?"

ದರ್ಜಿ ಭಾವನನ್ನು ನೋಡಿದ. ಭಾವ ಏನೂ ಸನ್ನೆ ಮಾಡಲಿಲ್ಲ.

"ಹಳದಿ, ಅಮ್ಮ."

"ಎಂಥ ಹಳದಿ?"

ನೂರು ಹಳದಿ ದಾರ ಪೆಟ್ಟಿಗೆಯಲ್ಲಿಟ್ಟುಕೊಂಡವನಿಗೆ ಒಂದಕ್ಕೂ ಮಾತು ಸಿಗಲಿಲ್ಲ. "ಅದು... ನೋಡಿದ್ರೆ ಗೊತ್ತಾಗುತ್ತೆ, ಅಮ್ಮ" ಎಂದುಬಿಟ್ಟ. ಎಂದ ಮೇಲೆ ನಾಲಗೆ ಕಚ್ಚಿಕೊಂಡ.

ಅಕ್ಕ ದೀಪದ ಕಡೆಗೆ ತಿರುಗಿದಳು. ಅವಳು ಮುಖ ಮಾಡಿದ ಜಾಗದಲ್ಲಿ ದೀಪ ಇರಲಿಲ್ಲ, ಒಂದು ಗೇಣು ಎಡಕ್ಕಿತ್ತು. ಭಾವ ಟೇಪ್ ರೆಕಾರ್ಡರನ್ನು ಎತ್ತಿ, ಸದ್ದಿಲ್ಲದೆ ಒಂದು ಗೇಣು ಬಲಕ್ಕೆ ಇಟ್ಟರು. ಬಹಳ ಹೊತ್ತು ಅದರ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು.

"ಮನೆ ತನಕ ಕೈ ಹಿಡ್ಕೊಳ್ಳೋ" ಎಂದಳು ನನಗೆ, ಸ್ಟೂಲಿನಿಂದ ಇಳಿದು. "ಅವರಿಗೆ ಕೆಲಸ ಇದೆ."

ಮರುದಿನ ಭಾವ ಅಂಗಡಿಗೆ ಕರೆದರು, ಅದರ ಮರುದಿನವೂ ಕರೆದರು. "ಬಂದು ಏನು ನೋಡ್ಲಿ?" ಎಂದಳು. ಮೂರನೆಯ ದಿನ ಅವರು ಕರೆಯಲಿಲ್ಲ.

ದರ್ಜಿ ಈಗಲೂ ಮಿಷನ್ ನಿಲ್ಲಿಸಿ ಕತ್ತೆತ್ತಿ ಕಾಯುತ್ತಾನೆ. ಭಾವ ಆ ಕಡೆ ತಿರುಗುವುದೇ ಇಲ್ಲ. ವಾರ್ನಿಷ್ ಡಬ್ಬಿಗಳ ಮುಚ್ಚಳಗಳು ಅಂಟಿಕೊಂಡು ಗಟ್ಟಿಯಾಗಿವೆ. ಬಲ್ಬು ಹೇಗೆ ಬರುತ್ತದೋ ಹಾಗೇ ಬಿಳಿಯಾಗಿ ಬೆಸೆದು ಕೊಡುತ್ತಾರೆ.

"ಇದೇನು, ಆಸ್ಪತ್ರೆ ಬೆಳಕಿನ ಹಾಗಿದೆಯಲ್ಲ" ಎಂದು ಗಿರಾಕಿಗಳು ಗೊಣಗಿದರೆ, "ಹೌದು, ಅವಳೂ ಹಾಗೇ ಅಂತಿದ್ಲು" ಎನ್ನುತ್ತಾರೆ.