ರಾಟಿಯೊಳಗಿದ್ದ ಹಬ್

ನಾನು ಹುನಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರನಾಗಿದ್ದೆ, ನನ್ನ ಹೆಂಡತಿ ಅಲ್ಲಿಯೇ ಸರಕಾರಿ ನರ್ಸ್. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸುತ್ತಲಿನ ಊರುಗಳಿಗೆ ಬಸ್ಸು ಮುಂಜಾನೆ ಒಂದು, ಸಂಜೆ ಒಂದು. ಹೆರಿಗೆ ನೋವು ಬಸ್ಸಿನ ಹೊತ್ತು ನೋಡಿ ಬರುತ್ತದೆಯೇ? ಅದಕ್ಕೇ ನಮ್ಮ ಮಾವ ಬಿಟ್ಟುಹೋಗಿದ್ದ ಹಳೇ ವಿಲಾಯತಿ ಫಟಫಟಿಯ ಮೇಲೆ ಅವಳನ್ನು ಕೂರಿಸಿಕೊಂಡು ಊರೂರು ತಿರುಗುತ್ತಿದ್ದೆ. ಜನ ಅದನ್ನು ಮಾಸ್ತರರ ಗಾಡಿ ಎನ್ನುತ್ತಿದ್ದರು. ಹಾಗೆ ಅನ್ನಿಸಿಕೊಳ್ಳುವುದು ನನಗೂ ಭಾಳ ಸೇರುತ್ತಿತ್ತು.

ಒಂದು ದಿನ ಮುಂದಿನ ಗಾಲಿಯ ಹಬ್ ಸೀಳಿತು. ಹಬ್ ಎಂದರೆ ಗಾಲಿಯ ನಟ್ಟನಡುವಿನ ಗುಂಬ. ಕಡ್ಡಿಗಳೆಲ್ಲ ಬಂದು ಸೇರುವುದು ಅದಕ್ಕೇ. ವೆಲ್ಡಿಂಗ್ ಮಾಡಿಸಿದೆ, ಮತ್ತೆ ಸೀಳಿತು. ಆ ವಾರವೇ ದೂರದ ಊರಿಂದ ಕರೆ ಬಂತು. ಹೆಂಡತಿ ಎತ್ತಿನ ಗಾಡಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಹೆರಿಗೆ ಆಗಿಹೋಗಿತ್ತು. ಕೂಸು ಅಳಲೇ ಇಲ್ಲವೆಂದು ಗಾಡಿ ಹೊಡೆದವನು ಹೇಳಿದ. ಮನೆಗೆ ಬಂದವಳು ಒಂದು ಮಾತೂ ಆಡದೆ ಕೈಚೀಲವನ್ನು ಗೂಟಕ್ಕೆ ಹಾಕಿದಳು.

ಮರುದಿನವೇ ಹಬ್ ಚೀಲಕ್ಕೆ ಹಾಕಿಕೊಂಡು ಬಾಗಲಕೋಟೆಗೆ ಹೋದೆ. ಗ್ಯಾರೇಜಿನವನು ತಿರುವಿ ಮುರುವಿ ನೋಡಿ, "ಗುಜರಿಗೆ ಹಾಕ್ರಿ ಮಾಸ್ತರ್ರ, ಇದರ ಸಾಮಾನು ಈಗ ಎಲ್ಲಿ ಸಿಗ್ತಾವು?" ಎಂದ. ಸಿಟ್ಟಿನಲ್ಲಿ ಬಾದಾಮಿಗೆ ಹೋದೆ. ಅಲ್ಲಿ ಸ್ಟೇಷನ್ ಹತ್ತಿರದ ಸೈಕಲ್ ರಿಪೇರಿಯವನು ಹಬ್ ನೋಡುತ್ತಲೇ ನಕ್ಕ. ಅಂಥದೇ ಗಾಲಿ ಗುಳೇದಗುಡ್ಡದ ನೇಕಾರರ ಮನೆಯೊಂದರಲ್ಲಿ ದಿನಾ ತಿರುಗುತ್ತದೆ ಎಂದ.

ಖರೆಯೇ. ಮಗ್ಗದ ಪಕ್ಕ ಒಬ್ಬ ಮುದುಕಿ ಕೂತು ಕಂಡಿಕಿಗೆ, ಅಂದರೆ ಲಾಳಿಯೊಳಗಿಡುವ ಸಣ್ಣ ಕೊಳವೆಗೆ, ನೂಲು ಸುತ್ತುತ್ತಿದ್ದಳು. ಅವಳ ರಾಟಿಯ ಚಕ್ರ ಟಾಯರಿಲ್ಲದ ಫಟಫಟಿ ಗಾಲಿ. ಅದರ ನಡುವೆ ನನ್ನ ಹಬ್ಬಿನ ಒಡಹುಟ್ಟು. ತೀರಿಹೋದ ಗಂಡ ಎಲ್ಲಿಂದಲೋ ತಂದು ಮಾಡಿಕೊಟ್ಟಿದ್ದನಂತೆ. ನನ್ನ ಗಾಡಿ ನಿಂತಿದೆ, ಇದನ್ನು ಕೊಡಿ, ಬದಲಿಗೆ ಹೊಸ ಸೈಕಲ್ ಗಾಲಿ ತಂದುಕೊಡುತ್ತೇನೆ ಎಂದೆ.

"ಸೈಕಲ್ ಗಾಲಿ ಹಗೂರ ಐತ್ರಿ, ತಳ್ಳಿದಷ್ಟ ತಿರಗತೈತಿ. ಇದು ಭಾರ. ಒಮ್ಮೆ ತಳ್ಳಿದ್ರ ತಾನ ತಿರಗತೈತಿ. ನನ್ನ ರಟ್ಟಿ ಉಳದದ್ದ ಇದರಿಂದ. ನಿಮ್ಮ ಗಾಡಿ ನಿಂತ್ರ ನೀವು ನಡ್ಕೋತ ಹೋಗ್ರಿ."

ಹಟಮಾರಿ ಮುದುಕಿ ಎಂದು ಬೈದುಕೊಳ್ಳುತ್ತ ವಾಪಸು ಬಂದೆ. ಹೆಂಡತಿ ಎಲ್ಲ ಕೇಳಿಸಿಕೊಂಡು, ಮುಂದಿನ ರವಿವಾರ ತಾನೂ ಬರುತ್ತೇನೆ ಎಂದಳು. ಬಂದವಳು ಹಬ್ಬಿನ ಮಾತೇ ಎತ್ತಲಿಲ್ಲ. ಮುದುಕಿಯ ರಟ್ಟೆ ಒತ್ತಿ ನೋಡಿದಳು, ತಾನೂ ಒಂದು ಕಂಡಿಕಿ ಸುತ್ತಿದಳು. ಏನು ಕೆಲಸ ಮಾಡುತ್ತೀ ಎಂದು ಮುದುಕಿ ಕೇಳಿದಾಗ, "ಹೆರಿಗಿ ಮಾಡಸ್ತೇನ್ರಿ ಯವ್ವಾ, ಆ ಗಾಡಿ ಮ್ಯಾಲ ಹೋಗ್ತೇನಿ," ಎಂದವಳು ಅಳದ ಕೂಸಿನ ಸುದ್ದಿಯನ್ನೂ ಹೇಳಿದಳು. ನನ್ನ ಮುಂದೆ ಆಡದ ಮಾತನ್ನೆಲ್ಲ ಅಲ್ಲಿ ಆಡಿದಳು.

ಮುದುಕಿ ನನ್ನತ್ತ ತಿರುಗಿದಳು. "ನನ್ನ ಗಾಡಿ, ನನ್ನ ಗಾಡಿ ಅಂದ್ರೆಲ್ಲ ಮಾಸ್ತರ್ರ, ಈಕಿ ಮಾತು ಒಂದರ ತಗದ್ರೇನು?"

ತೆಗೆದಿರಲಿಲ್ಲ, ಒಪ್ಪಿಕೊಂಡೆ. ಹಾಗೆಂದು ಅವಳು ಕೂಡಲೇ ಹಬ್ ಬಿಚ್ಚಿ ಕೊಡಲಿಲ್ಲ. ಕೊಡುತ್ತೇನೆ, ಆದರೆ ನನ್ನ ರಾಟಿ ನಿಲ್ಲಬಾರದು ಎಂದಳು. ಅದು ನ್ಯಾಯವೇ ಆಗಿತ್ತು. ಹೆಂಡತಿ ಕ್ಷಣ ಯೋಚಿಸಿ, "ಭಾರ ಬೇಕಲ್ರಿ ಯವ್ವಾ? ಇಳಕಲ್ಲಾಗ ಕಲ್ಲಿಗೇನ್ ಬರಾ?" ಎಂದಳು. ಇಷ್ಟು ದಿನ ಕಲ್ಲಿನ ಊರಿನ ಪಕ್ಕದಲ್ಲೇ ಇದ್ದು ನನಗೆ ಹೊಳೆದಿರಲಿಲ್ಲ.

ಇಳಕಲ್ಲಿನ ಪಾಲಿಶ್ ಶೆಡ್ಡಿನ ಕೆಲಸಗಾರನೊಬ್ಬ ಉಳಿಕೆ ಕೆಂಪು ಕಲ್ಲನ್ನು ದುಂಡಗೆ ಕೊರೆದು, ನಡುವೆ ತೂತು ಹಾಕಿ, ಸೈಕಲ್ ಗಾಲಿಯ ಜೊತೆ ತಿರುಗುವಂತೆ ಬಿಗಿದುಕೊಟ್ಟ. ಅಂಚನ್ನು ಅಷ್ಟು ಹೊತ್ತು ತಿಕ್ಕುವುದನ್ನು ಕಂಡು, ರಾಟಿಗೆ ಪಾಲಿಶ್ ಯಾಕೆ ಎಂದು ಕೇಳಿದೆ. "ನೂಲು ತಾಗಿದ್ರ ಹರಿಬಾರದಲ್ರಿ," ಎಂದ. ಮಾಸ್ತರಕಿಯಲ್ಲಿ ನಾನು ಅಷ್ಟು ಮುಂದಾಲೋಚನೆ ಮಾಡಿದ ನೆನಪಿಲ್ಲ.

ಮುದುಕಿ ಹೊಸ ಚಕ್ರವನ್ನು ಒಮ್ಮೆ ತಳ್ಳಿ ಕೈ ತೆಗೆದಳು. ಅದು ತಿರುಗುತ್ತಲೇ ಇತ್ತು. ಕಂಡಿಕಿ ತುಂಬಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ, "ಬಿಚ್ಕೋರಿ," ಎಂದಳು. ಬಾದಾಮಿಯವನು ಆ ಹಬ್ಬಿಗೆ ಕಡ್ಡಿ ಹೆಣೆದು ಗಾಲಿ ನೆಟ್ಟಗೆ ಮಾಡಿಕೊಟ್ಟ.

ನಾಲ್ಕನೇ ದಿನ ಅದೇ ದೂರದ ಊರಿಂದ ಕರೆ ಬಂತು. ಹೆಂಡತಿಯನ್ನು ಮುಟ್ಟಿಸಿ ನಾನು ಆ ಮನೆಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಇಂಜಿನ್ನಿನ ಬಿಸಿ ಇನ್ನೂ ಆರಿರಲಿಲ್ಲ, ಒಳಗಿಂದ ಅಳು ಕೇಳಿತು. ಹೆಂಡತಿ ಬಾಗಿಲಿಗೆ ಬಂದು, "ಮದಲ ಗುಳೇದಗುಡ್ಡಕ್ಕ ಸುದ್ದಿ ಮುಟ್ಟಸ್ರಿ," ಎಂದಳು.

ಒಂದೇ ಓಟಕ್ಕೆ ಹೋದೆ. ಮುದುಕಿ ಕೈ ನಿಲ್ಲಿಸದೆ, "ಗಂಡೋ ಹೆಣ್ಣೋ?" ಎಂದಳು. ಅವಸರದಲ್ಲಿ ನಾನು ಕೇಳಿಯೇ ಇರಲಿಲ್ಲ. ಬೈಯುತ್ತಾಳೆಂದುಕೊಂಡೆ.

"ಇರ್ಲಿ. ಅತ್ತತಿಲ್ಲೋ?"

"ಓಣಿಗೆಲ್ಲ ಕೇಳೂ ಹಂಗ ಅತ್ತತ್ರಿ."

ಒಮ್ಮೆ ತಳ್ಳಿದರೆ ನಿಲ್ಲದ ಆ ಚಕ್ರವನ್ನು ಅವಳು ಅಂಗೈ ಒತ್ತಿ ನಿಲ್ಲಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಮತ್ತೆ ತಳ್ಳಿದಳು.