ಹಾಂ, ಬಿಡಿ, ಜಾಣ

ದೆವ್ವ, ಆತ್ಮ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವರ ಪೈಕಿ ನಾನು. ಚಾಮರಾಜಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂ.ಆರ್.ಐ. ಯಂತ್ರ ನಡೆಸುವುದು ನನ್ನ ಕೆಲಸ. ಪರದೆಯ ಮೇಲೆ ಕಂಡದ್ದನ್ನಷ್ಟೇ ನಂಬಿ ಸಂಬಳ ತೆಗೆದುಕೊಂಡವನು. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ.

ಹೃದಯದ ಚಿತ್ರ ತೆಗೆಯುವುದು ದೊಡ್ಡ ತಲೆನೋವು. ಅದು ಒಂದು ಗಳಿಗೆ ಸುಮ್ಮನಿರುವುದಿಲ್ಲ, ಸಾಲದ್ದಕ್ಕೆ ಉಸಿರಾಡಿದರೆ ಎದೆಯೂ ಅಲುಗಾಡಿ ಎಲ್ಲ ಮಸುಕು. ಮೊದಲೆಲ್ಲ ಪ್ರತಿ ಚಿತ್ರಕ್ಕೂ ರೋಗಿ ಉಸಿರು ಹಿಡಿಯಬೇಕಿತ್ತು. ಯಂತ್ರದ ಇಂಗ್ಲಿಷ್ ಸೂಚನೆ ಎಷ್ಟೋ ಜನರಿಗೆ ಅರ್ಥವಾಗದೆ, ನನ್ನ ಹೆಂಡತಿ ಸುಮಾಳಿಂದ ಕನ್ನಡದಲ್ಲಿ ಹೇಳಿಸಿ ರೆಕಾರ್ಡ್ ಮಾಡಿದೆ. ಅವಳು ಬಸವನಗುಡಿಯಲ್ಲಿ ನರ್ಸರಿ ಟೀಚರ್. "ಉಸಿರು ಹಿಡ್ಕೊಳಿ" ಅಂದವಳು ಮಕ್ಕಳಿಗೆ ಹೇಳಿ ಹೇಳಿ ಅಭ್ಯಾಸವಾಗಿ "ಹಾಂ, ಬಿಡಿ, ಜಾಣ" ಅಂದುಬಿಟ್ಟಳು. ಡಾಕ್ಟರು ನಕ್ಕು ಅದೇ ಇರಲಿ ಅಂದರು. ಹೆಡ್‌ಫೋನಿನಲ್ಲಿ ಕೇಳಿದ ವಯಸ್ಸಾದವರು ನಗುತ್ತಾ ಹೊರಬರುತ್ತಿದ್ದರು.

ಕೆಲವು ವರ್ಷದ ಹಿಂದೆ ಜ್ವರ ಅಂತ ಮಲಗಿದ ಸುಮಾ ಏಳಲಿಲ್ಲ. ವೈಕುಂಠ ಸಮಾರಾಧನೆ ಮುಗಿಸಿ ನಾನು ಕೆಲಸಕ್ಕೆ ಬರುವಷ್ಟರಲ್ಲಿ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಇನ್ನು ರೋಗಿ ಆರಾಮಾಗಿ ಉಸಿರಾಡುತ್ತಿದ್ದರೂ ಚಿತ್ರ ಸ್ಪಷ್ಟ. ಹಳೆಯ ಸೂಚನೆಗಳನ್ನೆಲ್ಲ ಅಳಿಸಿದ್ದರು. ವಿಡಿಯೋ ಅಂದರೆ ಮುಖ ಮುಚ್ಚಿಕೊಂಡು ಓಡುತ್ತಿದ್ದವಳು ಅವಳು, ಬೇರೆಲ್ಲೂ ಅವಳ ದನಿ ನನ್ನ ಹತ್ತಿರ ಇರಲಿಲ್ಲ. ಆವತ್ತು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ.

ಅದಾಗಿ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ, ಮಲ್ಲೇಶ್ವರದ ಬಟ್ಟೆ ಅಂಗಡಿಯ ಯಜಮಾನರೊಬ್ಬರು ಬಂದರು. ಹಣೆ ತುಂಬ ವಿಭೂತಿ. ಇಂಥ ಸ್ಕ್ಯಾನ್ ಅವರಿಗೆ ಅದೇ ಮೊದಲು. ಹೃದಯದ ಬಡಿತ ಏರುಪೇರು, ಎರಡು ಮಾತಾಡಿದರೆ ಏದುಸಿರು. "ಉಸಿರು ಹಿಡಿಯೋದೇನೂ ಬೇಡ ಸಾರ್, ಸುಮ್ನೆ ಮಲಗಿ" ಅಂದು, ಯಂತ್ರದ ಸದ್ದು ತಡೆಯಲು ಹೆಡ್‌ಫೋನ್ ಹಾಕಿದೆ.

ಸ್ಕ್ಯಾನ್ ಶುರುವಾಯಿತು. ಅವರ ಉಸಿರಾಟದ ಗೆರೆ ಪರದೆಯ ಮೇಲೆ ಏರಿಳಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಸಪಾಟಾಯಿತು. ಗಾಬರಿಯಾಗಿ ಮೈಕಿಗೆ ಕೈಹಾಕುವಷ್ಟರಲ್ಲಿ ಮತ್ತೆ ಏರಿತು. ಸ್ವಲ್ಪ ಹೊತ್ತಿಗೆ ಮತ್ತೆ ಸಪಾಟು. ಸುಮಾಳ ಸೂಚನೆಗೆ ರೋಗಿಗಳು ಉಸಿರು ಹಿಡಿದು ಬಿಡುತ್ತಿದ್ದ ಅದೇ ಅಂತರ. ಅದು ನನಗೆ ಬಾಯಿಪಾಠ.

ಹೊರಗೆ ಬಂದವರು ಗದರಿದರು. "ಏನ್ರೀ, ನೀವು ಬೇಡ ಅಂತೀರಿ, ಒಳಗೆ ಆಯಮ್ಮ ಹಿಡ್ಕೊಳಿ ಹಿಡ್ಕೊಳಿ ಅಂತಾರೆ." ಆಮೇಲೆ ತಾವೇ ನಕ್ಕರು. "ಈ ವಯಸ್ಸಲ್ಲಿ ನನ್ನ ಜಾಣ ಅಂದ್ರಲ್ರೀ."

ಚಿತ್ರಗಳು ಕನ್ನಡಿಯಷ್ಟು ಸ್ಪಷ್ಟವಾಗಿದ್ದವು. ಹೃದಯದ ಅರ್ಧ ಸ್ನಾಯು ಸತ್ತಿತ್ತು. ಅವರು ಹೆಚ್ಚು ದಿನ ಉಳಿಯಲಿಲ್ಲ ಅಂತ ಆಮೇಲೆ ತಿಳಿಯಿತು. ಕಂಪನಿಯ ಇಂಜಿನಿಯರನ್ನು ಕರೆಸಿ ಯಂತ್ರವೆಲ್ಲ ಹುಡುಕಿಸಿದೆ. ಹಳೆಯದು ಒಂದು ತುಣುಕೂ ಉಳಿದಿಲ್ಲ ಅಂದ.

ಇಂಜಿನಿಯರ್ ಬಂದುಹೋದ ಸಂಜೆ ಜೊತೆಯ ಟೆಕ್ನಿಷಿಯನ್‌ಗೆ ಸುಳ್ಳು ನೆಪ ಹೇಳಿ ನಾನೇ ಒಳಗೆ ಮಲಗಿದೆ. ಹೆಡ್‌ಫೋನಿನಲ್ಲಿ ಯಂತ್ರದ ಟಕಟಕ ಬಿಟ್ಟರೆ ಏನೂ ಇಲ್ಲ. ಯಾರೂ ಹೇಳದಿದ್ದರೂ ಉಸಿರು ಹಿಡಿದೆ. ಬಿಡಿ ಅನ್ನುತ್ತಾಳೇನೋ ಅಂತ ಎದೆ ಉರಿಯುವವರೆಗೂ ಕಾದೆ. ಅನ್ನಲಿಲ್ಲ. ಮುಖ ನೋಡದವರಿಗೆ ಜಾಣ ಅಂದವಳು ನನಗೇಕೆ ಏನೂ ಅನ್ನಲಿಲ್ಲ, ಇವತ್ತಿಗೂ ನನಗೆ ಗೊತ್ತಿಲ್ಲ.