ಅಜ್ಜಿಯ ಕನ್ನಡಕದ ಮಂಜು

ಊಟಿಯ ಮಂಜಿನಲ್ಲಿ ನಮ್ಮ ಕಾಲೇಜಿನ ಲ್ಯಾಬಿನ ತೊಳೆದ ಗಾಜಿನ ಪಾತ್ರೆಗಳು ದಿನಗಟ್ಟಲೆ ಒಣಗುತ್ತಿರಲಿಲ್ಲ. ಅಸಿಟೋನ್ ಸುರಿದು ಕುಲುಕಿದರೆ ಮಾತ್ರ ಕ್ಷಣದಲ್ಲಿ ಒಣಗುತ್ತಿದ್ದವು. ಕೈಗೆ ತಾಗಿದರೆ ಚಳಿಯ ಮೇಲೊಂದು ಚಳಿ. ಆ ಜಾಣತನದ ಮದದಲ್ಲಿ ಒಂದು ಸಣ್ಣ ಸೀಸೆ ಮನೆಗೆ ತಂದು, ಅಜ್ಜಿಯ ಕನ್ನಡಕವನ್ನು ಫಳಫಳ ಮಾಡಿಕೊಡುತ್ತೇನೆಂದು ಒರೆಸಿದೆ. ಅದು ಗಾಜಲ್ಲ, ಪ್ಲಾಸ್ಟಿಕ್ಕು. ಅಸಿಟೋನ್ ಅದನ್ನು ತಿಂದು, ನನ್ನ ಕಣ್ಣೆದುರೇ ಬೆಳ್ಳಗೆ ಮಬ್ಬಾಗಿಸಿತು.

ಹೊಸದು ಬರುವ ತನಕ ಅಜ್ಜಿ ಅದನ್ನೇ ಹಾಕಿಕೊಂಡು ಟೀ ಎಲೆ ಕಿತ್ತಳು. ಪಕ್ಕದ ಸಾಲಿನ ಹೆಂಗಸರು ಕನ್ನಡಕಕ್ಕೆ ಏನಾಯಿತೆಂದು ಕೇಳಿದರೆ, “ಮಂಜು ಕೂತದೆ ಅಮ್ಮಾ, ಅಷ್ಟೇ” ಎನ್ನುತ್ತಿದ್ದಳು. ನನ್ನ ಸುದ್ದಿ ಎತ್ತಲಿಲ್ಲ. ಈಗಲೂ ಅಸಿಟೋನ್ ವಾಸನೆ ಬಂದರೆ ಆ ಮಾತೇ ಕೇಳಿಸುತ್ತದೆ.

ಆ ವಾರವಿಡೀ ಬಿಸಿಲಿತ್ತು.